ಡಬ್ಬಿಯ ಮೇಲಿನ ಎರಡು ಆಂಪ್

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಲಿಥಿಯಂ ಸೆಲ್ ಚಾರ್ಜರ್ ಕೇಳಿ. ತಿರುಗಿ ಬರುವ ಪ್ರಶ್ನೆ ಒಂದೇ. "ಎಷ್ಟು ಆಂಪಿಂದು ಸಾರ್?" ಆಂಪ್ ಅಂದರೆ ಎಷ್ಟು ಕರೆಂಟು ಹರಿಯುತ್ತದೆ ಅನ್ನುವ ಅಳತೆ. ಅರ್ಧ, ಒಂದು, ಎರಡು. ಬೆಲೆಯೂ ಅದೇ ಲೆಕ್ಕದಲ್ಲಿ ಮೇಲೇರುತ್ತದೆ. ಗಾಜಿನ ಕೌಂಟರ್ ಮೇಲೆ ಮೂರು ಡಬ್ಬಿ ಸಾಲಾಗಿ ಬಂದು ಕೂರುತ್ತವೆ. ಮೂರರ ಮೇಲೂ ಮಿಂಚಿನ ಚಿತ್ರ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಆಂಪ್. ಮನೆಗೆ ತಂದು ಸ್ಕ್ರೂ ಬಿಚ್ಚಿದರೆ ಎಷ್ಟೋ ಸಲ ಒಳಗಿನ ಬೋರ್ಡು ಒಂದೇ. ಸ್ಟಿಕ್ಕರ್ ಮಾತ್ರ ಬೇರೆ.

"ಟೆಸ್ಟ್ ಮಾಡಿ ಕೊಡಿ" ಅಂದರೆ ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪ್ಲಗ್ಗಿಗೆ ಹಾಕುತ್ತಾರೆ, ಹಸಿರು ಲೈಟು ಬರುತ್ತದೆ. ಡ್ರಾಯರಿನಿಂದ ಒಂದು ಹಳೇ ಸೆಲ್ ತೆಗೆದು ಇಡುತ್ತಾರೆ, ಲೈಟು ಕೆಂಪಾಗುತ್ತದೆ. "ನೋಡಿ ಸಾರ್, ವರ್ಕಿಂಗು." ಅಲ್ಲಿಗೆ ಟೆಸ್ಟ್ ಮುಗಿಯಿತು. ಕೆಂಪು ಲೈಟು ಹೇಳುವುದು ಕರೆಂಟು ಹರಿಯುತ್ತಿದೆ ಅನ್ನುವುದನ್ನು ಮಾತ್ರ. ಎಷ್ಟು ಹರಿಯುತ್ತಿದೆ ಅನ್ನುವುದನ್ನಲ್ಲ. ದುಡ್ಡು ಕೊಡುವುದು ಮಾತ್ರ ಆ ಎಷ್ಟಕ್ಕೇ, ಅಲ್ವಾ?

ಇದನ್ನು ಅಳೆದೇ ನೋಡಬೇಕು ಅಂತ ನನಗೆ ಅನಿಸಿದ್ದು ಗಾಂಧಿ ಬಜಾರಿನ ಹತ್ತಿರ ಜೋಳ ಸುಡುವ ಅಕ್ಕನ ಮಾತು ಕೇಳಿ. ಅವರ ಗಾಡಿಯಲ್ಲಿ ಕೆಂಡಕ್ಕೆ ಗಾಳಿ ಊದಲು ಒಂದು ಪುಟ್ಟ ಫ್ಯಾನಿದೆ. ಮೇಲೆ ಎಲ್‌ಇಡಿ ಪಟ್ಟಿ. ಫ್ಯಾನಿಗೆ ಎರಡು ಸೆಲ್, ಲೈಟಿಗೆ ಎರಡು. ಎಲ್ಲವೂ ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಚ್ಚಿದ 18650 ಅಳತೆಯ ಉರುಟು ಸೆಲ್‌ಗಳು. ಕಾಲೇಜಿಗೆ ಹೋಗುವ ಮಗ ನಾಲ್ಕು ಸ್ಲಾಟಿನ ಚಾರ್ಜರ್ ತಂದುಕೊಟ್ಟಿದ್ದಾನೆ.

"ರಾತ್ರಿಯೆಲ್ಲ ಹಾಕಿರ್ತೀವಿ ಸಾರ್. ಬೆಳಗ್ಗೆ ಎದ್ದು ನೋಡಿದ್ರೂ ಕೆಂಪು ಲೈಟೇ ಇರತ್ತೆ. ಸಂಜೆ ಜನ ಬರೋ ಹೊತ್ತಿಗೆ ಸರಿಯಾಗಿ ಫ್ಯಾನ್ ಸುಸ್ತಾಗತ್ತೆ. ಎರಡು ಆಂಪಿಂದು ಅಂತ ನೋಡ್ಕೊಂಡೇ ತಂದಿದ್ದು ಅವ್ನು."

ಲೆಕ್ಕ ಹಾಕಿ ನೋಡಿ. ಒಂದೊಂದು ಸೆಲ್ 2,200 ಎಂಎಎಚ್ ಅಂತಿಟ್ಟುಕೊಳ್ಳಿ, ಅಂದರೆ 2,200 ಮಿಲಿಆಂಪ್ ಕರೆಂಟನ್ನು ಒಂದು ಗಂಟೆ ಕೊಡುವಷ್ಟು (ಸಾವಿರ ಮಿಲಿಆಂಪ್ ಸೇರಿದರೆ ಒಂದು ಆಂಪ್). ನಾಲ್ಕು ಸೇರಿ 8,800. ಚಾರ್ಜರ್ ಒಟ್ಟು ಎರಡು ಆಂಪ್ ಕೊಟ್ಟರೂ ನಾಲ್ಕೂವರೆ ಗಂಟೆಯೊಳಗೆ ಬಹುಪಾಲು ತುಂಬಬೇಕು. ಕೊನೆಯಲ್ಲಿ ಕರೆಂಟು ನಿಧಾನವಾಗುವ ಎಳೆದಾಟ ಸೇರಿಸಿದರೂ ಆರು ಗಂಟೆ. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಗಿನ ಜಾವ ನಾಲ್ಕಕ್ಕೆ ಹಸಿರು ಲೈಟು ಬರಬೇಕಿತ್ತು. ಬರುತ್ತಿಲ್ಲ ಅಂದರೆ ಕರೆಂಟು ದಾರಿಯಲ್ಲೇ ಎಲ್ಲೋ ಉಳಿದುಹೋಗುತ್ತಿದೆ, ಇಲ್ಲವೇ ಹೊರಟೇ ಇಲ್ಲ.

ಮೀಟರ್ ಮುಟ್ಟುವ ಮೊದಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಚಾರ್ಜರಿನ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಇನ್‌ಪುಟ್ 5 ವೋಲ್ಟ್ 1 ಆಂಪ್ ಅಂತ ಇತ್ತು. ಔಟ್‌ಪುಟ್ 4.2 ವೋಲ್ಟ್ 2 ಆಂಪ್. ಗುಣಿಸಿ ನೋಡಿ. ಒಳಗೆ ಹೋಗುವುದು 5 ವ್ಯಾಟ್. ಹೊರಗೆ ಬರುವುದು 8.4 ವ್ಯಾಟ್. ಇಂಥ ಯಂತ್ರ ನಿಜವಾಗಿ ಇದ್ದಿದ್ದರೆ ನಮಗೆ ಶರಾವತಿಯಿಂದ ಇಲ್ಲಿಯವರೆಗೆ ತಂತಿ ಎಳೆಯುವ ಕೆಲಸವೇ ಇರುತ್ತಿರಲಿಲ್ಲ. ಅಂಗಡಿಯಲ್ಲೇ ನಿಂತು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಮಾಡಬಹುದಾದ ಟೆಸ್ಟ್ ಇದು. ಎಷ್ಟೋ ಡಬ್ಬಿಗಳು ಇದರಲ್ಲೇ ಸಿಕ್ಕಿಬೀಳುತ್ತವೆ.

ಅಳತೆಗೆ ಹೋಗುವ ಮುಂಚೆ ಸೆಲ್ ಹೇಗೆ ತುಂಬುತ್ತದೆ ಅನ್ನುವುದು ಗೊತ್ತಿರಬೇಕು. ಇಲ್ಲದಿದ್ದರೆ ಒಳ್ಳೆಯ ಚಾರ್ಜರನ್ನೂ ಕಳ್ಳ ಅಂದುಬಿಡುತ್ತೇವೆ. 18650 ಅಂದರೆ 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದದ ಉರುಟು ಸೆಲ್. ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಸೆಲ್‌ನ ಒಳಗೆ ಎಷ್ಟೋ ಬದಲಾಗಿದೆ. ಚಾರ್ಜ್ ಮಾಡುವ ಕ್ರಮ ಮಾತ್ರ ಹೆಚ್ಚುಕಡಿಮೆ ಅದೇ. ಮೊದಲು ಒಂದೇ ಸಮನಾದ ಕರೆಂಟು ಕೊಡುತ್ತಾ ಹೋಗಬೇಕು. ಸೆಲ್‌ನ ವೋಲ್ಟೇಜು ನಿಧಾನಕ್ಕೆ ಏರುತ್ತದೆ. 4.2 ವೋಲ್ಟ್ ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದಿಡಬೇಕು. ಆಗ ಕರೆಂಟು ತಾನಾಗಿಯೇ ಇಳಿಯುತ್ತದೆ. ಮೆಜೆಸ್ಟಿಕ್‌ನಲ್ಲಿ ಖಾಲಿ ಬಿಎಂಟಿಸಿ ಬಸ್ಸು ಬಂದು ನಿಂತಾಗ ಮೊದಲು ಜನ ದಬದಬ ಹತ್ತುತ್ತಾರೆ, ಸೀಟು ತುಂಬಿದ ಮೇಲೆ ಒಬ್ಬೊಬ್ಬರಾಗಿ ಸಂದಿಯಲ್ಲಿ ನುಸುಳುತ್ತಾರಲ್ಲ, ಹಾಗೆ. ಕರೆಂಟು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಚಾರ್ಜರ್ ಪೂರ್ತಿ ನಿಲ್ಲಿಸಬೇಕು. ಹಸಿರು ಲೈಟು ಬರಬೇಕಾದ್ದು ಆಗ.

ಅಂದರೆ ಡಬ್ಬಿಯ ಮೇಲಿನ ಆಂಪ್ ನಿಜವೇ ಆಗಿದ್ದರೂ ಅದು ಮೊದಲ ಹಂತದ ಮಾತು. ಹೆಚ್ಚುಕಡಿಮೆ ತುಂಬಿದ ಸೆಲ್ ಇಟ್ಟು, ಮೀಟರ್ ನೋಡಿ, "ಬರೀ ಇನ್ನೂರು ಮಿಲಿಆಂಪ್ ಕೊಡ್ತಿದೆ, ಮೋಸ" ಅಂತ ಕೂಗಿದರೆ ಅದು ಚಾರ್ಜರಿಗೆ ಮಾಡುವ ಅನ್ಯಾಯ. ಪೂರಾ ಸತ್ತ ಸೆಲ್ ಇಟ್ಟರೂ ಅಷ್ಟೇ. ಒಳ್ಳೆಯ ಚಾರ್ಜರ್ ಅಂಥ ಸೆಲ್‌ಗೆ ಮೊದಲು ಬೇಕಂತಲೇ ಕಡಿಮೆ ಕರೆಂಟು ಕೊಟ್ಟು ಎಬ್ಬಿಸುತ್ತದೆ. ಎಲ್ಲೆಡೆ ಸಿಗುವ ಟಿಪಿ4056 ಅನ್ನುವ ಚಾರ್ಜಿಂಗ್ ಚಿಪ್, ಒಂದು ಆಂಪಿಗೆ ಹೊಂದಿಸಿದ್ದಾಗ, ಸೆಲ್ 2.9 ವೋಲ್ಟ್‌ಗಿಂತ ಕೆಳಗಿದ್ದರೆ 130 ಮಿಲಿಆಂಪ್ ಮಾತ್ರ ಕೊಡುತ್ತದೆ. ಅದು ದೋಷ ಅಲ್ಲ, ಬುದ್ಧಿ. ಹಾಗಾಗಿ ಟೆಸ್ಟಿಗೆ ಬೇಕಾದ್ದು ಆರೋಗ್ಯವಾಗಿರುವ ಸೆಲ್, 3.6 ಅಥವಾ 3.7 ವೋಲ್ಟಿನ ಆಸುಪಾಸಿನಲ್ಲಿ, ಅರ್ಧಂಬರ್ಧ ಖಾಲಿಯಾಗಿರುವಂಥದ್ದು.

ಇನ್ನು ಅಳೆಯುವುದು. ಯುಎಸ್‌ಬಿ ಚಾರ್ಜರ್ ಆದರೆ ಸುಲಭ. ಅಡಾಪ್ಟರಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಮೀಟರ್ ಸಿಗುತ್ತದೆ. ಒಳಗೆ ಹೋಗುವ ವೋಲ್ಟೇಜು, ಕರೆಂಟು ಎರಡನ್ನೂ ತೋರಿಸುತ್ತದೆ. ಟಿಪಿ4056 ತರಹದ ಚಿಪ್ ಇರುವ ಚಾರ್ಜರಿನಲ್ಲಿ ಒಳಗೆ ಹೋದಷ್ಟೇ ಕರೆಂಟು ಸೆಲ್‌ಗೆ ಬರುತ್ತದೆ. ಹೆಚ್ಚಿನ ವೋಲ್ಟೇಜು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಹೊರಗಿನಿಂದ ಅಳೆದರೂ ಸಾಕು.

ಗೋಡೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚುವ ಎರಡು ಪಿನ್ನಿನ ಚಾರ್ಜರಿಗೆ ಈ ಉಪಾಯ ನಡೆಯುವುದಿಲ್ಲ. ಸೆಲ್ ಮತ್ತು ಚಾರ್ಜರಿನ ನಡುವೆಯೇ ಮೀಟರ್ ಕೂರಿಸಬೇಕು. ಇದಕ್ಕೆ ನಾನು ಮಾಡಿಕೊಂಡದ್ದು ಎರಡೂ ಕಡೆ ತಾಮ್ರ ಇರುವ ಪಿಸಿಬಿ, ಅಂದರೆ ಸರ್ಕೀಟು ಕೂರಿಸುವ ಹಲಗೆಯ ಒಂದು ಚೂರು. ಉಗುರಿನಗಲ ಕತ್ತರಿಸಿ, ಒಂದೊಂದು ಬದಿಗೆ ಒಂದೊಂದು ವೈರ್ ಬೆಸುಗೆ ಹಾಕಿದೆ. ಸೆಲ್‌ನ ಪ್ಲಸ್ ತುದಿ ಒಂದು ಬದಿಯ ತಾಮ್ರಕ್ಕೆ ಒತ್ತುತ್ತದೆ. ಚಾರ್ಜರಿನ ತಗಡು ಇನ್ನೊಂದು ಬದಿಗೆ. ನಡುವೆ ಇರುವ ಹಲಗೆ ಕರೆಂಟನ್ನು ತಡೆಯುತ್ತದೆ. ಬೇರೆ ದಾರಿಯಿಲ್ಲದೆ ಕರೆಂಟು ಎರಡೂ ವೈರಿನ ಮೂಲಕ ಮೀಟರ್ ಹಾದುಕೊಂಡೇ ಸೆಲ್‌ಗೆ ಹೋಗಬೇಕು. ಚೂರು ದಪ್ಪವಾದರೆ ಸ್ಪ್ರಿಂಗ್ ಸಾಲುವುದಿಲ್ಲ. ಬದಿಗಳ ತಾಮ್ರದ ಪುಡಿಯನ್ನು ಅರದಿಂದ ಉಜ್ಜಿ ತೆಗೆಯದಿದ್ದರೆ ಎರಡೂ ಕಡೆ ಒಂದಕ್ಕೊಂದು ತಾಗಿ ಮೀಟರ್ ಸೊನ್ನೆ ತೋರಿಸುತ್ತದೆ.

ಮೀಟರಿನಲ್ಲೂ ಒಂದು ಸೂಕ್ಷ್ಮ ಇದೆ. ಮಲ್ಟಿಮೀಟರಿನ ಮಿಲಿಆಂಪ್ ಸಾಕೆಟ್ಟಿಗೆ ಹಾಕಿದರೆ ಅದರ ಒಳಗಿನ ಫ್ಯೂಸು, ರೆಸಿಸ್ಟರು ಎರಡೂ ಸೇರಿ ತಾವೇ ವೋಲ್ಟೇಜು ತಿನ್ನುತ್ತವೆ. ನಾವು ಅಳೆಯುವ ಹೊತ್ತಿಗೆ ಕರೆಂಟು ಕಡಿಮೆಯಾಗಿರುತ್ತದೆ. ತಪ್ಪು ಮೀಟರಿನದು, ಬೈಗುಳ ಚಾರ್ಜರಿಗೆ. 10 ಆಂಪ್ ಸಾಕೆಟ್ ವಾಸಿ. ಅದಕ್ಕಿಂತ ವಾಸಿ 0.01 ಓಮ್‌ನ ಒಂದು ಶಂಟ್ ರೆಸಿಸ್ಟರ್ ನಡುವೆ ಹಾಕಿ, ಅದರ ಎರಡು ತುದಿಯ ವೋಲ್ಟೇಜು ನೋಡುವುದು. ಒಂದು ಆಂಪ್ ಹರಿದರೆ 10 ಮಿಲಿವೋಲ್ಟ್. ಲೆಕ್ಕ ಬಾಯಲ್ಲೇ ಆಗುತ್ತದೆ. ಚಾರ್ಜರಿಗೆ ನಾವು ನಡುವೆ ಇದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಇಷ್ಟು ಮಾಡಿಕೊಂಡು, ಮನೆಯ ಡ್ರಾಯರಿನಲ್ಲಿ ಬಿದ್ದಿದ್ದ ಚಾರ್ಜರ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಟಾರ್ಚಿನ ಜೊತೆ ಪುಕ್ಕಟೆ ಬಂದವು, ಫ್ರೆಂಡ್ಸ್ ಬಿಸಾಡಿದವು, ಸುಮ್ನೆ ಅಗ್ಗಕ್ಕೆ ಸಿಕ್ಕಿತು ಅಂತ ತಂದವು. ಅಕ್ಕನ ಚಾರ್ಜರನ್ನೂ ಒಂದು ಸೋಮವಾರ ಕೇಳಿ ತಂದೆ. ಅವತ್ತು ಅವರು ಗಾಡಿ ಹಾಕುವುದಿಲ್ಲ.

ಎರಡು ಪಿನ್ನಿನ, ಒಂದೇ ಸ್ಲಾಟಿನ ಚಾರ್ಜರ್. 1,000 ಮಿಲಿಆಂಪ್ ಅಂತ ಬರೆದದ್ದು ಶುರುವಿನಲ್ಲೇ ಸುಮಾರು 400 ಕೊಟ್ಟಿತು. ಅಲ್ಲೂ ನಿಲ್ಲಲಿಲ್ಲ. ಸೆಲ್ ತುಂಬಿದಂತೆಲ್ಲ ಮೊದಲ ನಿಮಿಷದಿಂದಲೇ ಇಳಿಯುತ್ತಾ ಹೋಯಿತು. ಅಂದರೆ ಒಂದೇ ಸಮ ಕರೆಂಟು ಕೊಡುವ ಮೊದಲ ಹಂತ ಅನ್ನುವುದೇ ಇದಕ್ಕಿಲ್ಲ. ಬಿಚ್ಚಿ ನೋಡಿದರೆ ಬೆರಳ ತುದಿಯಷ್ಟು ಟ್ರಾನ್ಸ್‌ಫಾರ್ಮರ್, ಒಂದು ಟ್ರಾನ್ಸಿಸ್ಟರ್, ನಾಲ್ಕಾರು ರೆಸಿಸ್ಟರ್. 4.2 ವೋಲ್ಟಿನ ಆಸುಪಾಸಿನ ಒಂದು ಬಡ ಅಡಾಪ್ಟರ್, ಅಷ್ಟೇ. ಸೆಲ್ ಖಾಲಿ ಇದ್ದಾಗ ಸ್ವಲ್ಪ ಜಾಸ್ತಿ ತಳ್ಳುತ್ತದೆ, ತುಂಬಿದಾಗ ಕಡಿಮೆ. ಪುಣ್ಯಕ್ಕೆ ಅದರ ಕೊನೆಯ ವೋಲ್ಟೇಜು 4.15ರ ಹತ್ತಿರ ನಿಂತಿತು. ತುಂಬುವುದು ತಡ, ಆದರೆ ಅಪಾಯ ಇಲ್ಲ.

ಇಡೀ ಮೇಜಿನ ಮೇಲೆ ಅತಿ ಅಗ್ಗದ್ದು ಟಿಪಿ4056 ಬೋರ್ಡು. ಎಸ್.ಪಿ. ರೋಡಿನಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುತ್ತದೆ. ಡಬ್ಬಿಯೂ ಇಲ್ಲ, ಮಿಂಚಿನ ಚಿತ್ರವೂ ಇಲ್ಲ. ಒಂದು ಆಂಪ್ ಅಂದದ್ದು ಒಂದು ಆಂಪ್ ಕೊಟ್ಟಿತು. ಅದರ ಮೇಲೆ 122 ಅಂತ ಬರೆದ ಪುಟ್ಟ ರೆಸಿಸ್ಟರ್ ಇದೆ. 122 ಅಂದರೆ 12ರ ಮುಂದೆ ಎರಡು ಸೊನ್ನೆ, 1,200 ಓಮ್. 1,200ನ್ನು ಆ ರೆಸಿಸ್ಟರಿನ ಓಮ್‌ನಿಂದ ಭಾಗಿಸಿದರೆ ಬರುವುದೇ ಹೆಚ್ಚುಕಡಿಮೆ ಆಂಪ್. ಅದನ್ನು ತೆಗೆದು 2,000 ಓಮ್ ಹಾಕಿದರೆ ಸುಮಾರು 580 ಮಿಲಿಆಂಪ್, 10,000 ಹಾಕಿದರೆ 130. ಎಲ್ಲ ಬಯಲಾಗಿದೆ, ಮುಚ್ಚುಮರೆ ಇಲ್ಲ.

ಆದರೆ ಈ ಪ್ರಾಮಾಣಿಕನ ಒಂದು ಆಂಪ್ ಕೂಡ ಹಾಗೇ ಉಳಿಯಲಿಲ್ಲ. ಒಳಗೆ 5 ವೋಲ್ಟ್, ಸೆಲ್ 3.7 ವೋಲ್ಟ್. ನಡುವಿನ 1.3 ವೋಲ್ಟ್ ಒಂದು ಆಂಪಿನಲ್ಲಿ 1.3 ವ್ಯಾಟ್ ಬಿಸಿ. ಅಷ್ಟೂ ಬಿಸಿ ಹೊರಡುವುದು ಅರ್ಧ ಸೆಂಟಿಮೀಟರ್ ಉದ್ದದ ಚಿಪ್ಪಿನಿಂದ. ಬೆರಳಿಟ್ಟರೆ ತಕ್ಷಣ ಎಳೆದುಕೊಳ್ಳಬೇಕು. ಬಿಸಿ ಮಿತಿ ಮೀರಿದಾಗ ಚಿಪ್ಪೇ ಕರೆಂಟು ಕಡಿಮೆ ಮಾಡಿಕೊಳ್ಳುತ್ತದೆ. ನನ್ನ ಮೇಜಿನ ಮೇಲೆ ಸ್ವಲ್ಪ ಹೊತ್ತಿಗೇ ಎಂಟುನೂರರ ಆಸುಪಾಸಿಗೆ ಇಳಿಯಿತು. ಟೇಬಲ್ ಫ್ಯಾನ್ ಹಾಕಿದರೆ ಮತ್ತೆ ಮೇಲೆ. ಬೋರ್ಡನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಇನ್ನೂ ಕೆಳಗೆ. ಏಪ್ರಿಲ್ ಮಧ್ಯಾಹ್ನ ಮಾಡಿದ ಟೆಸ್ಟಿಗೂ ಡಿಸೆಂಬರ್ ಬೆಳಗ್ಗೆ ಮಾಡಿದ ಟೆಸ್ಟಿಗೂ ಬೇರೆ ಬೇರೆ ಉತ್ತರ ಬಂದರೆ ಆಶ್ಚರ್ಯ ಇಲ್ಲ.

ಸೊಳ್ಳೆ ಬ್ಯಾಟನ್ನೂ ಬಿಡಲಿಲ್ಲ. ಅದು ಲಿಥಿಯಂ ಅಲ್ಲ, ಒಳಗಿದ್ದದ್ದು ಪುಟ್ಟ ಲೆಡ್ ಆಸಿಡ್ ಬ್ಯಾಟರಿ. ಆದರೂ ಅದರ ಚಾರ್ಜಿಂಗ್ ಸರ್ಕೀಟು ಚೆಂದ. ಟ್ರಾನ್ಸ್‌ಫಾರ್ಮರೇ ಇಲ್ಲ. 474 ಅಂತ ಬರೆದ ಒಂದು ಕೆಪಾಸಿಟರ್, ಅಂದರೆ 0.47 ಮೈಕ್ರೋಫ್ಯಾರಡ್. 230 ವೋಲ್ಟ್, 50 ಹರ್ಟ್ಸ್ ಕರೆಂಟಿನಲ್ಲಿ ಅದು ಬಿಡುವುದೇ ಸುಮಾರು 34 ಮಿಲಿಆಂಪ್. ಜಾಸ್ತಿ ಬೇಕು ಅಂದರೂ ಕೊಡಲಾರದು. ಬ್ಯಾಟು ರಾತ್ರಿಯಿಡೀ ಸಾಕೆಟ್ಟಿಗೆ ಜೋತುಬಿದ್ದರೂ ಮಾರನೇ ದಿನ ಸೊಳ್ಳೆಯನ್ನು ಬರೀ ಹೆದರಿಸುವುದು ಯಾಕೆ ಅಂತ ಗೊತ್ತಾಯಿತಲ್ಲ. ಒಂದು ಎಚ್ಚರ: ಈ ಸರ್ಕೀಟಿನಲ್ಲಿ ಮನೆಯ ಮೇನ್ಸ್ ಕರೆಂಟು ನೇರವಾಗಿ ಬ್ಯಾಟರಿಯವರೆಗೂ ಬಂದಿರುತ್ತದೆ. ಪ್ಲಗ್ಗಿನಲ್ಲಿರುವಾಗ ಬಿಚ್ಚಿ ಕೈ ಹಾಕಬೇಡಿ. ನಾನು ಲೆಕ್ಕವನ್ನು ಕೆಪಾಸಿಟರಿನ ಅಂಕಿ ನೋಡಿ ಕಾಗದದ ಮೇಲೇ ಮಾಡಿದ್ದು.

ಈಗ ಅಕ್ಕನ ಚಾರ್ಜರ್. ನನ್ನ ಒಳ್ಳೆಯ ಅಡಾಪ್ಟರು, ಗಿಡ್ಡನೆಯ ದಪ್ಪ ಕೇಬಲ್ಲು ಹಾಕಿ ಒಂದೇ ಸೆಲ್ ಇಟ್ಟೆ. ಅರ್ಧ ಆಂಪ್. ಎರಡು ಇಟ್ಟಾಗಲೂ ಒಂದೊಂದಕ್ಕೆ ಅರ್ಧ. ನಾಲ್ಕೂ ಇಟ್ಟಾಗ ಒಂದೊಂದಕ್ಕೆ ಕಾಲು ಆಂಪ್. ಅಂದರೆ ಎಷ್ಟೇ ಸೆಲ್ ಇಟ್ಟರೂ ಒಟ್ಟು ಒಂದು ಆಂಪಿಗಿಂತ ಮೇಲೆ ಹೋಗುವುದಿಲ್ಲ. ಬೆನ್ನ ಮೇಲಿನ ಸಣ್ಣ ಅಕ್ಷರದ ಇನ್‌ಪುಟ್ ನಿಜ ಹೇಳಿತ್ತು. ಡಬ್ಬಿಯ ದೊಡ್ಡ ಅಕ್ಷರ ಹೇಳಿದ್ದು ನಾಲ್ಕು ಸ್ಲಾಟಿಗೆ ಅರ್ಧರ್ಧ ಆಂಪ್ ಕೂಡಿಸಿದ ಮೊತ್ತ. ನಾಲ್ಕಕ್ಕೂ ಒಟ್ಟಿಗೆ ಅಷ್ಟು ಯಾವತ್ತೂ ಸಿಗುವುದಿಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಆಮೇಲೆ ಅಕ್ಕನ ಮನೆಯ ಕೇಬಲ್ಲನ್ನೇ ಹಾಕಿದೆ. ಉದ್ದ ಒಂದೂವರೆ ಮೀಟರ್, ತೆಳ್ಳಗೆ, ಬಿಳಿ, ಮೊಬೈಲಿಗೆ ಅಂತ ತಂದದ್ದು. ಸ್ಲಾಟಿಗೆ ಕಾಲು ಆಂಪ್ ಇದ್ದದ್ದು 170 ಮಿಲಿಆಂಪಿಗೆ ಬಿತ್ತು. ಸೆಲ್ ತುಂಬುತ್ತಾ ಬಂದಂತೆ ಇನ್ನೂ ಕೆಳಗೆ. ಕೇಬಲ್ಲಿನ ಒಳಗಿನ ತಾಮ್ರ ಎಷ್ಟು ತೆಳ್ಳಗಿದೆ ಅನ್ನುವುದರ ಮೇಲೆ ಇದೆಲ್ಲ ನಿಂತಿದೆ. 28 ಗೇಜಿನ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.21 ಓಮ್. ಹೋಗುವ ದಾರಿ ಒಂದೂವರೆ ಮೀಟರ್, ಬರುವ ದಾರಿ ಒಂದೂವರೆ. ಒಟ್ಟು 0.64 ಓಮ್. ಒಂದು ಆಂಪ್ ಹರಿಸಲು ಹೋದರೆ 0.64 ವೋಲ್ಟ್ ಕೇಬಲ್ಲಿನಲ್ಲೇ ಹೋಯಿತು. 5 ವೋಲ್ಟ್ ಅಂತ ಹೊರಟದ್ದು ಚಾರ್ಜರ್ ಮುಟ್ಟುವಾಗ 4.4ರ ಹತ್ತಿರ. ಅಲ್ಲಿಂದ 4.2ರ ಸೆಲ್ಲಿಗೆ ತಳ್ಳಲು ಉಳಿದದ್ದೇನು? ಇದಕ್ಕಿಂತ ದಪ್ಪನೆಯ 24 ಗೇಜಿನ ವೈರಾಗಿದ್ದರೆ ಇದೇ ನಷ್ಟ ಕಾಲು ವೋಲ್ಟ್. ಕೇಬಲ್ಲಿನ ಮೇಲೆ ಗೇಜ್ ಬರೆದಿರುವುದು ಅಪರೂಪ. ದಪ್ಪ ನೋಡಿ ಮೋಸ ಹೋಗಬೇಡಿ, ದಪ್ಪ ಬರೀ ರಬ್ಬರಿನದೂ ಇರಬಹುದು. ಯುಎಸ್‌ಬಿ ಮೀಟರನ್ನು ಕೇಬಲ್ಲಿನ ಈ ತುದಿಗೊಮ್ಮೆ ಆ ತುದಿಗೊಮ್ಮೆ ಹಾಕಿ ವೋಲ್ಟೇಜು ನೋಡಿದರೆ ಎಲ್ಲ ತಿಳಿಯುತ್ತದೆ.

ಅಲ್ಲಿಗೆ ಲೆಕ್ಕ ಕೂಡಿತು. ಸೆಲ್ 2,200, ಬರುತ್ತಿರುವುದು 170. ಹದಿಮೂರು ಗಂಟೆ. ರಾತ್ರಿ ಹತ್ತಕ್ಕೆ ಹಾಕಿ ಬೆಳಗ್ಗೆ ಏಳಕ್ಕೆ ಮಗ ಅಡಾಪ್ಟರ್ ಕಿತ್ತುಕೊಂಡು ಕಾಲೇಜಿಗೆ ಹೋಗುತ್ತಾನೆ. ಒಂಬತ್ತೇ ಗಂಟೆ. ಕೆಂಪು ಲೈಟು ಹೋಗುವುದಾದರೂ ಹೇಗೆ?

ಇದೆಲ್ಲ ಒಂದು ಕಡೆ. ನನ್ನ ತಲೆ ಕೆಡಿಸಿದ್ದು ಬೇರೆಯೇ ಒಂದು ಚಾರ್ಜರ್. ದಪ್ಪನೆಯ ಕಪ್ಪು ಡಬ್ಬಿ, ಎರಡು ಸ್ಲಾಟು, ಸ್ಲಾಟಿಗೆ ಒಂದು ಆಂಪ್ ಅಂತ ಹೇಳಿಕೆ. ಅಳೆದರೆ ನಿಜವಾಗಿಯೂ ಒಂದು ಆಂಪಿಗೆ ತೀರಾ ಹತ್ತಿರ ಕೊಟ್ಟಿತು. ಒಂದೇ ಸಮ, ಅಲುಗಾಟ ಇಲ್ಲ. ಇಡೀ ಮೇಜಿನಲ್ಲಿ ಹೇಳಿದಂತೆ ನಡೆದುಕೊಂಡ ಡಬ್ಬಿಯಲ್ಲಿನ ಚಾರ್ಜರ್ ಅದೊಂದೇ. ಖುಷಿಯಾಗಿ ಪಕ್ಕದಲ್ಲೇ ಕೂತು ನೋಡುತ್ತಿದ್ದೆ. 4.15, 4.18, 4.20. ಕರೆಂಟು ಇಳಿಯಬೇಕಾದ ಹೊತ್ತು. ಇಳಿಯಲಿಲ್ಲ. 4.24. ಲೈಟು ಇನ್ನೂ ಕೆಂಪು. 4.27 ದಾಟುತ್ತಿದ್ದಂತೆ ಪ್ಲಗ್ ಕಿತ್ತೆ.

ಅದಕ್ಕೆ ಎಲ್ಲಿ ನಿಲ್ಲಬೇಕು ಅಂತ ಗೊತ್ತೇ ಇಲ್ಲ. ಸೆಲ್ಲಿನ ತಳದಲ್ಲಿ ಒಂದು ರಕ್ಷಣಾ ಸರ್ಕೀಟು ಇರುತ್ತದೆ, 4.3 ವೋಲ್ಟಿನ ಸುತ್ತಮುತ್ತ ಅದೇ ಕರೆಂಟು ಕತ್ತರಿಸುತ್ತದೆ ಅನ್ನುವ ಧೈರ್ಯದ ಮೇಲೆ ಇದನ್ನು ಮಾಡಿದ್ದಾರೆ. ಆ ಸರ್ಕೀಟು ಇರುವುದು ಕೊನೆಯ ಕಾವಲಿಗೆ, ದಿನಾ ರಾತ್ರಿ ಕೆಲಸ ಮಾಡುವುದಕ್ಕಲ್ಲ. ಇನ್ನು ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಚ್ಚಿದ ಬಿಡಿ ಸೆಲ್‌ಗಳಲ್ಲಿ ಅದು ಇರುವುದೇ ಇಲ್ಲ. ಅಲ್ಲಿ ಅದು ಇಡೀ ಬ್ಯಾಟರಿಗೆ ಸೇರಿ ಒಂದು ಬೋರ್ಡಿನಲ್ಲಿರುತ್ತದೆ, ಬಿಚ್ಚುವಾಗ ಅದನ್ನು ಎಸೆದಿರುತ್ತಾರೆ.

0.1 ವೋಲ್ಟ್ ಹೆಚ್ಚಾದರೆ ಏನಾಯಿತು ಅಂತ ಕೇಳಬಹುದು. ಮೊದಲ ಲಿಥಿಯಂ ಅಯಾನ್ ಸೆಲ್‌ಗಳಲ್ಲಿ ಪ್ಲಸ್ ಕಡೆ ಇದ್ದದ್ದು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಜಾನ್ ಗುಡ್‌ಇನಫ್ ತಂಡ 1980ರಲ್ಲಿ ತೋರಿಸಿಕೊಟ್ಟ ವಸ್ತು. 2019ರಲ್ಲಿ ವಿಟಿಂಗ್‌ಹ್ಯಾಮ್, ಯೋಶಿನೋ ಜೊತೆ ಗುಡ್‌ಇನಫ್ ಅವರಿಗೆ ಕೆಮಿಸ್ಟ್ರಿ ನೊಬೆಲ್ ಬಂತು. ಆಗ ಅವರಿಗೆ 97 ವರ್ಷ. ಚಾರ್ಜ್ ಮಾಡುವುದು ಅಂದರೆ ಆ ಆಕ್ಸೈಡಿನಿಂದ ಲಿಥಿಯಂ ಎಳೆದು ಮೈನಸ್ ಕಡೆಯ ಗ್ರಾಫೈಟಿಗೆ ಕಳಿಸುವುದು. 4.2 ವೋಲ್ಟಿಗೆ ನಿಲ್ಲಿಸಿದರೆ ಅದರಲ್ಲಿರುವ ಲಿಥಿಯಂನ ಸುಮಾರು ಅರ್ಧ ಮಾತ್ರ ಹೊರಗೆ ಬಂದಿರುತ್ತದೆ. ಇನ್ನರ್ಧ ಅಲ್ಲೇ ಇರಬೇಕು, ಆ ಹರಳಿನ ಪದರಗಳು ನಿಂತಿರುವುದೇ ಅದರ ಆಸರೆಯಿಂದ. ಜಾಸ್ತಿ ಎಳೆದರೆ ಪದರ ಸಡಿಲವಾಗುತ್ತದೆ, ಬಿಸಿಯಾದಾಗ ಆಮ್ಲಜನಕ ಬಿಡುತ್ತದೆ. ಪಕ್ಕದಲ್ಲೇ ಬೆಂಕಿ ಹತ್ತುವ ಎಲೆಕ್ಟ್ರೊಲೈಟ್ ದ್ರವ. ಈಗಿನ ಸೆಲ್‌ಗಳಲ್ಲಿ ನಿಕಲ್, ಮ್ಯಾಂಗನೀಸ್ ಬೆರೆಸಿರುತ್ತಾರೆ, ಆದರೂ ಸಾಮಾನ್ಯ 18650ಗೆ 4.2ರ ಗೆರೆ ಗೆರೆಯೇ. ಟಿಪಿ4056 ತರಹದ ಅಗ್ಗದ ಚಿಪ್ ಕೂಡ ಆ 4.2ನ್ನು ಶೇಕಡಾ 1.5ರ ಒಳಗೆ ಹಿಡಿಯುತ್ತೇನೆ ಅಂತ ಮಾತು ಕೊಡುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಡಬ್ಬಿಯ ಮೇಲಿನ ಆಂಪ್ ಸುಳ್ಳಾದರೆ ನಮಗೆ ಆಗುವ ನಷ್ಟ ಹೊತ್ತು ಮಾತ್ರ. ಸೆಲ್ಲಿಗೆ ಅದರಿಂದ ಲಾಭವೇ. ಒಳ್ಳೆಯ ಕಂಪನಿಗಳು ತಮ್ಮ ಸೆಲ್‌ಗಳಿಗೆ ಸಾಮಾನ್ಯವಾಗಿ ಹೇಳುವ ಚಾರ್ಜಿಂಗ್ ಕರೆಂಟು ಅದರ ಎಂಎಎಚ್‌ನ ಅರ್ಧದಷ್ಟು. 2,200ರ ಸೆಲ್ಲಿಗೆ 1,100 ಮಿಲಿಆಂಪ್. ಅದೂ ಹೊಸ ಸೆಲ್ಲಿಗೆ. ವರ್ಷಗಟ್ಟಲೆ ಲ್ಯಾಪ್‌ಟಾಪಿನಲ್ಲಿ ದುಡಿದು ಬಂದ ಸೆಲ್ಲಿಗೆ ನಿಜವಾಗಿಯೂ ಎರಡು ಆಂಪ್ ತುರುಕಿದ್ದರೆ ಅದರ ಗತಿ ಏನಾಗುತ್ತಿತ್ತೋ. ಆಂಪ್ ಅಷ್ಟು ದಪ್ಪವಾಗಿ ಬರೆಯುವವರು ಎಲ್ಲಿ ನಿಲ್ಲುತ್ತದೆ, ನಿಜವಾಗಿ ನಿಲ್ಲುತ್ತದಾ ಅನ್ನುವುದನ್ನು ಯಾಕೆ ಬರೆಯುವುದಿಲ್ಲ? ನಾವು ಅದನ್ನು ಕೇಳುವುದಿಲ್ಲ, ಅದಕ್ಕೆ. ಅಂಗಡಿಯವರೊಬ್ಬರಿಗೆ ಈ ಮಾತು ಹೇಳಿದೆ. ಅವರು ನಕ್ಕರು. "ಅರ್ಧ ಆಂಪ್ ಅಂತ ನಿಜ ಬರೆದಿರೋದು ಇಲ್ಲೇ ಇದೆ ನೋಡಿ ಸಾರ್, ಧೂಳು ಹಿಡೀತಿದೆ." ಕೆಳಗಿನ ಶೆಲ್ಫಿನಿಂದ ತೆಗೆದು ತೋರಿಸಿದರು. ನಿಜಕ್ಕೂ ಧೂಳಿತ್ತು. ತಗೊಂಡೆ. 480 ಕೊಡುತ್ತದೆ, 4.19ಕ್ಕೆ ನಿಲ್ಲುತ್ತದೆ. ಈಗ ನನ್ನ ಮನೆಯಲ್ಲಿ ದಿನಾ ಕೆಲಸ ಮಾಡುತ್ತಿರುವುದು ಅದೇ.

ಅಳೆಯುವ ಸಾಮಾನು ಇಲ್ಲದವರು ಒಂದು ಸಾಧಾರಣ ಮಲ್ಟಿಮೀಟರ್ ಇಟ್ಟುಕೊಂಡರೂ ಸಾಕು. ಕರೆಂಟು ಅಳೆಯುವುದನ್ನು ಬಿಡಿ. ಹಸಿರು ಲೈಟು ಬಂದಮೇಲೆ ಸೆಲ್ ಹೊರತೆಗೆದು, ಸ್ವಲ್ಪ ಹೊತ್ತು ಬಿಟ್ಟು, ವೋಲ್ಟೇಜು ನೋಡಿ. 4.1ರಿಂದ 4.2ರ ನಡುವೆ ಇದ್ದರೆ ನೆಮ್ಮದಿ. 4.1ಕ್ಕೆ ನಿಂತರೆ ಹತ್ತನೇ ಒಂದು ಭಾಗದಷ್ಟು ಕಡಿಮೆ ತುಂಬಿರುತ್ತದೆ, ಆದರೆ ಸೆಲ್ ಜಾಸ್ತಿ ದಿನ ಬಾಳುತ್ತದೆ. 4.25 ದಾಟಿದ್ದರೆ ಆ ಚಾರ್ಜರ್ ಮನೆಯಲ್ಲಿ ಬೇಡ. ಪ್ಲಗ್ಗಿಗೆ ನೇರ ಹಾಕುವ ಅಡಾಪ್ಟರುಗಳಲ್ಲಿ ಸರ್ಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ಗುರುತು, ಐಎಸ್ ಅಂತ ಶುರುವಾಗುವ ನಂಬರು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ಸೋಲಾರ್ ಲೈಟಿನಿಂದ ತೆಗೆದ 3.2 ವೋಲ್ಟ್ ಅಂತ ಬರೆದ ಸೆಲ್ ಇದ್ದರೆ ಅದು ಬೇರೆ ಜಾತಿ. ಅದರ ಮಿತಿ 3.65. ನೋಡಲು ಒಂದೇ ತರಹ ಇದ್ದರೂ ಈ ಚಾರ್ಜರ್‌ಗಳಿಗೆ ಹಾಕಲೇಬಾರದು.

ಅಕ್ಕನಿಗೆ ಹೊಸ ಚಾರ್ಜರ್ ಕೊಡಿಸುವ ಅಗತ್ಯ ಬೀಳಲಿಲ್ಲ. ಅವರದ್ದು ನಿಧಾನ, ಆದರೆ ನಾಲ್ಕೂ ಸ್ಲಾಟು 4.2 ದಾಟುತ್ತಿರಲಿಲ್ಲ. ಅರ್ಧ ಮೀಟರಿನ ಒಳ್ಳೆಯ ಕೇಬಲ್ ಒಂದನ್ನು ಕೊಟ್ಟೆ. ನನ್ನ ಹಳೇ ಅಡಾಪ್ಟರ್ ಕೂಡ, ಮಗ ಬೆಳಗ್ಗೆ ಕಿತ್ತುಕೊಳ್ಳದ ಹಾಗೆ. ನಾಲ್ಕೈದು ದಿನ ಬಿಟ್ಟು ಜೋಳ ತಿನ್ನಲು ಹೋದಾಗ ಫ್ಯಾನ್ ಜೋರಾಗಿ ಊದುತ್ತಿತ್ತು.

"ಮೂರು ಹಸಿರು ಬರ್ತಾವೆ ಸಾರ್. ಆ ಕೊನೇದು ಮಾತ್ರ ಮಧ್ಯಾಹ್ನದವರ್ಗೂ ಕೆಂಪೇ. ಮುಟ್ಟಿದ್ರೆ ಬೆಚ್ಚಗಿರತ್ತೆ."

ಸೆಲ್ಲನ್ನು ಜಾಗ ಬದಲಿಸಿ ಹಾಕಿ ನೋಡಿದ್ದೀರಾ ಅಂತ ಕೇಳಿದೆ. ನೋಡಿದ್ದರು. ಕೆಂಪು ಲೈಟು ಸೆಲ್ಲಿನ ಜೊತೆಗೇ ಹೋಗುತ್ತಿತ್ತು. ತೊಂದರೆ ಸ್ಲಾಟಿನದಲ್ಲ. ಒಳಗೊಳಗೇ ಸೋರುತ್ತಿರುವ ಸೆಲ್ ಅದು. ಕೊಟ್ಟ ಕರೆಂಟನ್ನು ಬಿಸಿ ಮಾಡಿ ಕಳೆಯುತ್ತಿದೆ, ಎಂದೂ ತುಂಬುವುದಿಲ್ಲ.

"ಅಕ್ಕ, ಅದನ್ನ ಇನ್ನು ಚಾರ್ಜಿಗೆ ಹಾಕ್ಬೇಡಿ. ಎರಡೂ ತುದಿಗೆ ಟೇಪ್ ಸುತ್ತಿ ನಂಗೆ ಕೊಡಿ, ಇ-ವೇಸ್ಟಿಗೆ ಹಾಕ್ತೀನಿ."

ಅವರು ಜೋಳಕ್ಕೆ ನಿಂಬೆಹಣ್ಣು ಉಜ್ಜುತ್ತಾ ಸ್ವಲ್ಪ ಯೋಚನೆ ಮಾಡಿದರು. "ನಿಜವಾದ ಎರಡು ಆಂಪಿಂದು ಸಿಕ್ಕಿದ್ರೆ ಇದೂ ತುಂಬ್ತಿತ್ತಾ ಸಾರ್?"

"ಇಲ್ಲ ಅಕ್ಕ. ಇನ್ನೂ ಜಾಸ್ತಿ ಬಿಸಿಯಾಗ್ತಿತ್ತು."